ಊರಿಗೆ ಸೌರ ವಿದ್ಯುತ್ತು: ಫಲಕಕ್ಕೆ ಮೊದಲು ಬಿಲ್ಲಿನ ಲೆಕ್ಕ

ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರ ಹರಿದು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅಂದು ಕಾವೇರಿಯನ್ನು ನೆಚ್ಚಿದ ಈ ಜಿಲ್ಲೆಯಲ್ಲಿ ಇಂದು ಒಂದು ಗ್ರಾಮ ಪಂಚಾಯಿತಿ ತನಗೆ ಬೇಕಾದ ವಿದ್ಯುತ್ತಿನ ದೊಡ್ಡ ಪಾಲನ್ನು ತನ್ನ ಕಟ್ಟಡಗಳ ಮೇಲೆಯೇ ಪಡೆಯಬಹುದು. ಆದರೆ ಸೌರ ಫಲಕ ಮಾರುವವರನ್ನು ಕರೆಸಿ ದರ ಕೇಳುವುದು ಈ ಕೆಲಸದ ಆರಂಭವಾಗಬಾರದು.

ಮೊದಲು ಪಂಚಾಯಿತಿಯ ಹೆಸರಿನಲ್ಲಿರುವ ಎಲ್ಲ ಆರ್‌.ಆರ್‌. ಸಂಖ್ಯೆಗಳನ್ನೂ (ಪ್ರತಿ ವಿದ್ಯುತ್ ಸಂಪರ್ಕದ ಗುರುತು ಸಂಖ್ಯೆ) ಅವುಗಳ ಹನ್ನೆರಡು ತಿಂಗಳ ಬೆಸ್ಕಾಂ ಬಿಲ್ಲುಗಳನ್ನೂ ಒಂದೆಡೆ ಸೇರಿಸಿರಿ. ನೀರುಗಂಟಿಯನ್ನು ಜೊತೆಯಲ್ಲಿ ಕರೆದುಕೊಂಡು ಪ್ರತಿ ಮೀಟರಿನ ಬಳಿಗೂ ಹೋಗಿ ನೋಡಿರಿ. ಯಾವ ಮೋಟಾರು ಯಾವಾಗ ಎಷ್ಟು ಹೊತ್ತು ಓಡುತ್ತದೆ ಎಂಬುದು ಅವರಷ್ಟು ಚೆನ್ನಾಗಿ ಯಾರಿಗೂ ತಿಳಿದಿರುವುದಿಲ್ಲ. ಬತ್ತಿಹೋದ ಕೊಳವೆಬಾವಿಯ ಸಂಪರ್ಕಕ್ಕೆ ಇನ್ನೂ ನಿಗದಿತ ಶುಲ್ಕ ಕಟ್ಟುತ್ತಿದ್ದರೆ ಅದನ್ನು ರದ್ದು ಮಾಡಿಸಿರಿ. ಹಗಲಿನಲ್ಲೂ ಉರಿಯುವ ಬೀದಿದೀಪಗಳಿಗೆ ಟೈಮರ್ ಹಾಕಿಸಿ, ಹಳೆಯ ದೀಪಗಳ ಬದಲು ಎಲ್‌ಇಡಿ ಅಳವಡಿಸಿರಿ. ಉಳಿಸಬಹುದಾದ ಯೂನಿಟ್ಟಿಗೂ ಫಲಕ ಕೊಳ್ಳುವುದು ಸಾರ್ವಜನಿಕರ ಹಣಕ್ಕೆ ಮಾಡುವ ಅನ್ಯಾಯ.

ಎರಡನೆಯ ಹೆಜ್ಜೆ ನೀರಿನ ಮೋಟಾರುಗಳದ್ದು. ಈ ಇಡೀ ಯೋಜನೆಯ ತಿರುಳು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಐದು ಎಚ್‌.ಪಿ. ಮೋಟಾರೆಂದರೆ ಸುಮಾರು 3.7 ಕಿಲೋವ್ಯಾಟ್, ದಿನಕ್ಕೆ ಆರು ಗಂಟೆ ಓಡಿದರೆ ಕನಿಷ್ಠ 22 ಯೂನಿಟ್ ಬೇಕು. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ ಎಂದು ಹಿಡಿದರೆ, ಆ ಒಂದು ಮೋಟಾರಿಗೆ ಸುಮಾರು 6 ಕಿಲೋವ್ಯಾಟ್ ಫಲಕವೂ, ಅದಕ್ಕೆ ನೆರಳು ಬೀಳದ 600 ಚದರ ಅಡಿಯಷ್ಟು ಜಾಗವೂ ಬೇಕಾಗುತ್ತದೆ. ರಾತ್ರಿ ಓಡುತ್ತಿರುವ ಮೋಟಾರನ್ನು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ನಡುವಿಗೆ ಆದಷ್ಟು ತಂದು ಓವರ್‌ಹೆಡ್ ಟ್ಯಾಂಕ್ ತುಂಬಿಸಿಕೊಂಡರೆ ಬಿಸಿಲಿನ ವಿದ್ಯುತ್ತು ನೀರಿನ ರೂಪದಲ್ಲಿ ಸಂಗ್ರಹವಾಗುತ್ತದೆ; ದುಬಾರಿ ಬ್ಯಾಟರಿ ಬೇಕಾಗುವುದಿಲ್ಲ. ಮೂರು ಫೇಸ್ ವಿದ್ಯುತ್ತು ಬರುವ ಹೊತ್ತನ್ನು ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡು ಈ ಬದಲಾವಣೆ ಮಾಡಿರಿ.

ಮನೆಗಳ ವಿಷಯ ಬೇರೆ. ಗೃಹಜ್ಯೋತಿಯ 200 ಯೂನಿಟ್ ಮಿತಿಯೊಳಗೆ ಶೂನ್ಯ ಬಿಲ್ಲು ಪಡೆಯುತ್ತಿರುವ ಕುಟುಂಬಕ್ಕೆ ಚಾವಣಿ ಫಲಕದಿಂದ ಉಳಿತಾಯವೇನೂ ಕಾಣದು, ಅವರನ್ನು ಒತ್ತಾಯಿಸಬೇಡಿರಿ. ಹೆಚ್ಚು ಬಳಸುವವರಿಗೆ ಪಿಎಂ ಸೂರ್ಯಘರ್ ಯೋಜನೆಯಡಿ 2 ಕಿಲೋವ್ಯಾಟ್‌ಗೆ 60,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನವಿದೆ ಎಂಬುದನ್ನು ಗ್ರಾಮಸಭೆಯಲ್ಲಿ ತಿಳಿಸಿರಿ. ಹಸು ಸಾಕಿರುವ ಮನೆಗಳಿಗೆ ಗೋಬರ್ ಗ್ಯಾಸ್ ಹೆಚ್ಚು ಹೊಂದುತ್ತದೆ: 2 ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಸಾಕು.

ರೈತರಿಗೆ ಸೌರ ಪಂಪು ಕೊಡುವ ಕುಸುಮ್-ಬಿ ಯೋಜನೆಯಲ್ಲಿ ವೆಚ್ಚದ ಶೇ 50ನ್ನು ರಾಜ್ಯ, ಶೇ 30ನ್ನು ಕೇಂದ್ರ ಭರಿಸುತ್ತವೆ. ಆದರೂ ಅಂತರ್ಜಲ ಇಷ್ಟು ಕುಸಿದಿರುವ ಜಿಲ್ಲೆಯಲ್ಲಿ ಹನಿ ನೀರಾವರಿಯಿಲ್ಲದ ತೋಟಕ್ಕೆ ಹಗಲೆಲ್ಲ ಓಡುವ ಪಂಪು ಕೊಡುವುದು ಸರಿಯಲ್ಲ. ಎರಡನ್ನೂ ಒಟ್ಟಿಗೆ ಅಳವಡಿಸಿಕೊಳ್ಳುವಂತೆ ರೈತರ ಮನವೊಲಿಸಬೇಕು.

ಕಟ್ಟಡಗಳನ್ನು ಆರಿಸುವಾಗ ಚಾವಣಿಯ ಗಟ್ಟಿತನವನ್ನು ಎಂಜಿನಿಯರಿಂದ ಪರೀಕ್ಷಿಸಿಕೊಳ್ಳಿರಿ. ಫಲಕ ದಕ್ಷಿಣಕ್ಕೆ ಮುಖಮಾಡಿ, ಇಲ್ಲಿನ ಅಕ್ಷಾಂಶಕ್ಕೆ ತಕ್ಕಂತೆ ಸುಮಾರು 13 ಡಿಗ್ರಿ ಓರೆಯಾಗಿರಲಿ. ಗ್ರಿಡ್ಡಿಗೆ, ಎಂದರೆ ಬೆಸ್ಕಾಂ ವಿದ್ಯುತ್ ಜಾಲಕ್ಕೆ, ಜೋಡಿಸಿದ ಸಾಮಾನ್ಯ ವ್ಯವಸ್ಥೆ, ದುರಸ್ತಿಯಲ್ಲಿರುವ ಲೈನ್‌ಮನ್‌ಗಳ ಸುರಕ್ಷತೆಗಾಗಿ, ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಆದ್ದರಿಂದ ಲಸಿಕೆಯ ಫ್ರಿಜ್ ಇರುವ ಆರೋಗ್ಯ ಕೇಂದ್ರಕ್ಕೆ ಮಾತ್ರ ಬ್ಯಾಟರಿ ಸಹಿತದ ವ್ಯವಸ್ಥೆಯನ್ನೇ ಕೇಳಿರಿ.

ಟೆಂಡರಿನಲ್ಲಿ ಕನಿಷ್ಠ ಐದು ವರ್ಷದ ನಿರ್ವಹಣೆಯನ್ನು ಸೇರಿಸಿರಿ. ಫಲಕಗಳು 25 ವರ್ಷ ಬಾಳಬಹುದು, ಅವುಗಳ ವಿದ್ಯುತ್ತನ್ನು ಬಳಕೆಗೆ ತಕ್ಕಂತೆ ಮಾರ್ಪಡಿಸುವ ಇನ್ವರ್ಟರ್ ಅಷ್ಟು ಬಾಳದು. ಬಿಲ್ಲಿನಲ್ಲಿ ಉಳಿದ ಹಣದ ಒಂದು ಭಾಗವನ್ನು ಅದರ ಬದಲಾವಣೆಗೆಂದು ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಕೆಂಪು ಧೂಳು ಕೂತ ಫಲಕವನ್ನು ತೊಳೆಯುವ ಹೊಣೆ ಯಾರದೆಂದು ಪಂಚಾಯಿತಿಯ ಠರಾವಿನಲ್ಲಿ ಬರೆಯಿಸಿ, ತಿಂಗಳಿಗೊಮ್ಮೆ ಉತ್ಪಾದನೆಯ ಮೀಟರ್ ರೀಡಿಂಗನ್ನು ಪಿಡಿಒ ಕಚೇರಿಯ ಸೂಚನಾ ಫಲಕದಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಿರಿ.