ಬಣ್ಣದ ಗಾಜು ನೋಡಬೇಕಾ? ಮಧ್ಯಾಹ್ನದ ಮೇಲೆ ಹೋಗಿ

ಮುಂಬೈಗೆ ನೆಂಟರು ಬಂದರೆ ನಾವೆಲ್ಲ ಕಾಲಾ ಘೋಡಾದ ಮ್ಯೂಸಿಯಂಗೆ ಕರೆದುಕೊಂಡು ಹೋಗ್ತೇವೆ ಅಲ್ವಾ? ಅಲ್ಲೇ ಹತ್ತಿರದ ಗಲ್ಲಿಯಲ್ಲಿ ನೀಲಿ ಬಣ್ಣದ ಕೆನೆಸೆತ್ ಎಲಿಯಾಹೂ ಸಿನಗಾಗ್ ಇದೆ. 1884ರ ಯಹೂದಿ ಪ್ರಾರ್ಥನಾ ಮಂದಿರ. ಅದನ್ನೂ ಸೇರಿಸಿಕೊಳ್ಳಿ.

ಒಳಗಿನ ದೊಡ್ಡ ಬಣ್ಣದ ಗಾಜಿನ ಕಿಟಕಿ ಇರುವುದು ಪಶ್ಚಿಮಕ್ಕೆ, ಜೆರುಸಲೇಮ್ ದಿಕ್ಕಿಗೆ. ಹಾಗಾಗಿ ಬೆಳಿಗ್ಗೆಗಿಂತ ಬಿಸಿಲು ವಾಲಿದ ಮೇಲೆ ಚೆನ್ನ. ಮಳೆಗಾಲದ ಮೋಡದಲ್ಲಿ ಹೋಗಿ ನಾನು ಪೆಚ್ಚಾಗಿದ್ದೆ. ಹೊರಗಿನಿಂದ ನೋಡಿದರಂತೂ ಎಲ್ಲಾ ಗಾಜೂ ಕಪ್ಪು ಕಪ್ಪೇ.

ಒಳಗೆ ಹೋದ ತಕ್ಷಣ ಮೊಬೈಲ್ ಎತ್ತಬೇಡಿ. ಎರಡು ನಿಮಿಷ ಸುಮ್ನೆ ಕೂತುಕೊಳ್ಳಿ, ಕಣ್ಣು ಒಗ್ಗಲಿ. ಆಮೇಲೆ ಇಂಥ ಕಿಟಕಿಗಳಲ್ಲಿ ಕಪ್ಪು ಗೆರೆಗಳನ್ನು ಹಿಂಬಾಲಿಸಿ ನೋಡಿ. ಅವು ಬರೀ ಚಿತ್ರದ ಗೆರೆಗಳಲ್ಲ, ಗಾಜಿನ ತುಂಡುಗಳನ್ನು ಹಿಡಿದಿಡುವ ಸೀಸದ ಪಟ್ಟಿಗಳು. ಬಣ್ಣವೂ ಜಾಸ್ತಿ ಕಡೆ ಮೇಲೆ ಬಳಿದದ್ದಲ್ಲ. ಕರಗಿದ ಗಾಜಿಗೆ ಕೋಬಾಲ್ಟ್ ಸೇರಿಸಿದರೆ ನೀಲಿ. ಹಳದಿ ಮಾತ್ರ ಬೇರೆ ಕಥೆ: ಬೆಳ್ಳಿಯ ಸಂಯುಕ್ತ ಸವರಿ ಕುಲುಮೆಯಲ್ಲಿ ಕಾಯಿಸುತ್ತಾರೆ.

ಫೋಟೊಗೆ ಮೊದಲು ಅನುಮತಿ ಕೇಳಿ. ಫ್ಲಾಶ್ ಬೇಡ. ಮೊಬೈಲ್ ಪರದೆಯಲ್ಲಿ ಕಾಣುವ ಗಾಜಿನ ಮೇಲೆ ಬೆರಳೊತ್ತಿ ಬೆಳಕು ಇಳಿಸಿ, ಇಲ್ಲದಿದ್ದರೆ ಕಿಟಕಿ ಸುಣ್ಣ ಬಳಿದ ಹಾಗೆ ಬರುತ್ತದೆ.

ಗುರುತಿನ ಚೀಟಿ ಜೊತೆಗಿರಲಿ. ಶನಿವಾರ ಯಹೂದಿಗಳ ಸಬ್ಬತ್, ಅಂದರೆ ವಾರದ ವಿಶ್ರಾಂತಿ-ಪ್ರಾರ್ಥನೆಯ ದಿನ, ಆ ದಿನ ಬಿಟ್ಟುಬಿಡಿ.