ಗಡಿಯಾರವನ್ನು ಗಣಿಯೇ ಕೊಟ್ಟಿತು: ವಿಜ್ಞಾನ ಥ್ರಿಲ್ಲರ್ ಬರೆದ ನನ್ನ ಅನುಭವ

ಕೋಲಾರದ ಚಿನ್ನದ ಗಣಿಯನ್ನಿಟ್ಟುಕೊಂಡು ನಾನು ಬರೆದ ವಿಜ್ಞಾನ ಥ್ರಿಲ್ಲರ್‌ನ ಮೊದಲ ಮುದ್ರಣ ಮುಗಿದಿದೆ. ಎರಡನೆಯದರಲ್ಲಿ ನೂರರ ಆಸುಪಾಸಿನ ಪ್ರತಿಗಳಷ್ಟೇ ಉಳಿದಿವೆ. ಹಸ್ತಪ್ರತಿಯನ್ನು ಓದಿದ ಪ್ರಕಾಶಕರೆಲ್ಲ ಹೆಚ್ಚುಕಡಿಮೆ ಒಂದೇ ಮಾತನ್ನು ಹೇಳಿದ್ದರು: ವಿಜ್ಞಾನ ಹೆಚ್ಚಾಯಿತು, ಊರು ಚಿಕ್ಕದಾಯಿತು, ಕಥೆಯನ್ನು ಬೆಂಗಳೂರಿಗೆ ತಂದರೆ ನೋಡೋಣ. ನಾನು ತರಲಿಲ್ಲ. ಇದೇ ದಾರಿಯಲ್ಲಿರುವ ಗೆಳೆಯರು ಹೇಗೆ ಮಾಡಿದೆ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಎರಡು ಎಳೆಗಳನ್ನು ಹೆಣೆಯುವುದು, ಅಧ್ಯಾಯದ ಕೊನೆಗೆ ಕುತೂಹಲವನ್ನು ಉಳಿಸುವುದು, ಇವೆಲ್ಲ ನಿಮಗೆ ಗೊತ್ತೇ ಇರುವುದರಿಂದ ಆ ವಿಷಯಕ್ಕೆ ಹೋಗುವುದಿಲ್ಲ.

ವಿಜ್ಞಾನಕ್ಕೆ ಕೈಹಾಕುವ ಮುಂಚೆ ನಾನು ಬರೆಯುತ್ತಿದ್ದುದು ಸಾಮಾಜಿಕ ಕಾದಂಬರಿಗಳನ್ನು. ಅವುಗಳಲ್ಲಿ ಕೆಲವು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿಯೂ ಬಂದಿದ್ದವು. ಮೊದಲ ವಿಜ್ಞಾನ ಕಾದಂಬರಿಯನ್ನು 2014ರ ಸುಮಾರಿಗೆ ಸ್ವಂತ ಖರ್ಚಿನಲ್ಲಿ ತಂದೆ. ಅದು ಮಂಗಳ ಗ್ರಹದ ವಸಾಹತೊಂದರ ಕಥೆ. ಡಿಟಿಪಿ, ಕರಡು ತಿದ್ದುವಿಕೆ, ಮುಖಪುಟ, ಸಾವಿರ ಪ್ರತಿಗಳ ಮುದ್ರಣ ಎಲ್ಲ ಸೇರಿ ಎಂಬತ್ತು ಸಾವಿರ ರೂಪಾಯಿಗೆ ಹತ್ತಿರ ಬಂತು. ಎರಡು ವರ್ಷದಲ್ಲಿ ಮಾರಾಟವಾದದ್ದು ಇನ್ನೂರು ಪ್ರತಿಗಳಿರಬಹುದು; ಮಾರಾಟಗಾರರ ಶೇಕಡಾ 40 ಕಮಿಷನ್ ಕಳೆದು ನನ್ನ ಕೈಗೆ ಹದಿನೆಂಟು ಸಾವಿರ ಬಂದಿದ್ದರೆ ಹೆಚ್ಚು. ಉಳಿದ ಪ್ರತಿಗಳು ಬಹುಕಾಲ ಮನೆಯ ಅಟ್ಟದಲ್ಲಿದ್ದವು. ಎರಡನೆಯದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನಡೆಯುವ ಕಥೆ. ಅದನ್ನು ಪ್ರಕಾಶಕರೊಬ್ಬರು ಶೇಕಡಾ 10 ಗೌರವಧನಕ್ಕೆ ತಂದರು. ಒಟ್ಟು ಒಂಬತ್ತು ಸಾವಿರದಷ್ಟು ಬಂತು. ಓದಿದವರು ಪಾತ್ರಗಳ ಮನೆಯ ಜಗಳದ ಬಗ್ಗೆ ಮಾತಾಡಿದರೇ ಹೊರತು ಕಥೆಯ ನಡುವಿನಲ್ಲಿದ್ದ ಯಂತ್ರದ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ಎರಡೂ ಪುಸ್ತಕಗಳನ್ನು ಮುಂದಿಟ್ಟುಕೊಂಡು ಯೋಚಿಸಿದಾಗ ನನಗೆ ಹೊಳೆದದ್ದು ಗಡುವಿನ ವಿಷಯ. ಥ್ರಿಲ್ಲರ್‌ಗೆ ಗಡುವು ಬೇಕು. ಆದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಎಲ್ಲವೂ ಸ್ಫೋಟವಾಗುತ್ತದೆ ಎಂದು ಖಳನಾಯಕ ಹೇಳಿದರೆ, ಆ ಇಪ್ಪತ್ನಾಲ್ಕು ಗಂಟೆ ಲೇಖಕನ ಮರ್ಜಿಯೆಂಬುದು ಓದುಗನಿಗೆ ಒಳಗೊಳಗೇ ಗೊತ್ತಿರುತ್ತದೆ. ಗಡುವನ್ನು ಪ್ರಕೃತಿಯೋ ಯಂತ್ರವೋ ಹಾಕಬೇಕು, ಅದನ್ನು ಬದಲಿಸುವ ಅಧಿಕಾರ ಲೇಖಕನಿಗೂ ಇರಬಾರದು, ಮತ್ತು ಅಂಥ ಯಂತ್ರ ಓದುಗ ಬಸ್ಸಿನಲ್ಲಿ ಹೋಗಿ ನೋಡಬಹುದಾದಷ್ಟು ಹತ್ತಿರದಲ್ಲಿರಬೇಕು. ನನ್ನ ವಿಧಾನದ ತಿರುಳು ಇಷ್ಟೇ.

ಮೊದಲ ಪ್ರಯೋಗ ಗೌರಿಬಿದನೂರಿನದು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ಅದು ನಮ್ಮ ಕೋಲಾರ ಜಿಲ್ಲೆಯದೇ ತಾಲ್ಲೂಕು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಲ್ಲಿ ಅಲ್ಲಿ 34.5 ಮೆಗಾಹರ್ಟ್ಸ್‌ನ ರೇಡಿಯೊ ದೂರದರ್ಶಕವನ್ನು ಕಟ್ಟಿದವು. ಅದರಲ್ಲಿ ತಟ್ಟೆಯಾಕಾರದ ಆಂಟೆನಾ ಇಲ್ಲ. ಸಾವಿರ ಡೈಪೋಲ್‌ಗಳನ್ನು, ಅಂದರೆ ಸರಳ ತಂತಿ ಆಂಟೆನಾಗಳನ್ನು, ಇಂಗ್ಲಿಷಿನ ಟಿ ಅಕ್ಷರದಂತೆ ಬಯಲಿನಲ್ಲಿ ಹರಡಲಾಗಿತ್ತು, ಪೂರ್ವ ಪಶ್ಚಿಮದ ತೋಳು 1.4 ಕಿಲೋಮೀಟರ್ ಉದ್ದ. ಇಂಥ ಸಾಲಿನ ಮೇಲೆ ಆಕಾಶವೇ ಹಾದುಹೋಗಬೇಕು. ನಕ್ಷತ್ರಗಳ ಲೆಕ್ಕದ ದಿನ 23 ಗಂಟೆ 56 ನಿಮಿಷದ್ದಾದ್ದರಿಂದ, ಆಕಾಶದ ಮೂಲವೊಂದರ ಸಂಕೇತ ಪ್ರತಿದಿನ ನಾಲ್ಕು ನಿಮಿಷ ಮೊದಲೇ ಬರುತ್ತದೆ. ಮನುಷ್ಯ ಮಾಡಿದ ಗದ್ದಲವಾದರೋ ನಮ್ಮ ಗೋಡೆ ಗಡಿಯಾರವನ್ನು ಅನುಸರಿಸುತ್ತದೆ. ಈ ನಾಲ್ಕು ನಿಮಿಷದ ಮೇಲೆ ಒಂದು ನೀಳ್ಗತೆ ನಿಂತಿತು. ರಾತ್ರಿ ಹತ್ತಕ್ಕೆ ತ್ರೀಫೇಸ್ ಕರೆಂಟು ಬರುತ್ತಲೇ ಸುತ್ತಲಿನ ತೋಟಗಳ ಪಂಪ್‌ಸೆಟ್‌ಗಳ ಸ್ಟಾರ್ಟರ್ ಕಿಡಿಗಳಿಂದ ಗದ್ದಲ ಏಳುತ್ತದೆ ಎಂದು ಎಲ್ಲರೂ ಒಂದು ವಿಚಿತ್ರ ಸಂಕೇತವನ್ನು ತಳ್ಳಿಹಾಕುತ್ತಾರೆ; ರಾತ್ರಿಪಾಳಿಯ ಸಹಾಯಕ ಮಾತ್ರ ಅದು ವಾರದಲ್ಲಿ ಅರ್ಧ ಗಂಟೆಯಷ್ಟು ಹಿಂದಕ್ಕೆ ಸರಿದು, ಕರೆಂಟು ಬರುವ ಮೊದಲೇ ಬರುತ್ತಿರುವುದನ್ನು ಲಾಗ್ ಪುಸ್ತಕದಲ್ಲಿ ಕಾಣುತ್ತಾನೆ. ವಿಶೇಷಾಂಕವೊಂದು ಅದಕ್ಕೆ ಎರಡೂವರೆ ಸಾವಿರದಷ್ಟು ಸಂಭಾವನೆ ಕೊಟ್ಟಿತು. ಹಣ ದೊಡ್ಡದಲ್ಲ, ಆದರೆ ಪಂಪ್‌ಸೆಟ್ ಇರುವ ರೈತರು ಫೋನ್ ಮಾಡಿ ಆ ನಾಲ್ಕು ನಿಮಿಷದ ಲೆಕ್ಕವನ್ನೇ ಚರ್ಚಿಸಿದರು. ವಿಜ್ಞಾನವನ್ನು ಕನ್ನಡದ ಓದುಗ ಹಾರಿಸಿ ಓದುತ್ತಾನೆ ಎಂಬ ಮಾತನ್ನು ನಾನು ಅಂದಿನಿಂದ ಒಪ್ಪುವುದಿಲ್ಲ.

ಗಣಿಯ ಕಾದಂಬರಿಗೆ ಧೈರ್ಯ ಬಂದದ್ದು ಅಲ್ಲಿಂದ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳವರ ಜೊತೆಗೂಡಿ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ, ಅಂದರೆ ಬಂಡೆಯನ್ನೂ ತೂರಿಹೋಗುವ ಅತಿ ಹಗುರ ಕಣಗಳ, ಗುರುತನ್ನು ಹಿಡಿದರು. ಮೇಲಿನ ಬಂಡೆ ಉಳಿದ ವಿಶ್ವಕಿರಣಗಳನ್ನು ಬಹುಪಾಲು ತಡೆದು, ನ್ಯೂಟ್ರಿನೊಗಳನ್ನು ಬಿಡುತ್ತದೆ. ಇಂಥ ಪ್ರಯೋಗಶಾಲೆ ನಮ್ಮ ಕಾಲ ಕೆಳಗೆ ಇತ್ತೆಂಬುದು ಕೋಲಾರದಲ್ಲಿಯೇ ಎಷ್ಟೋ ಮಂದಿಗೆ ತಿಳಿಯದು; ಕನ್ನಡದ ಕಾದಂಬರಿಕಾರರು ಇದನ್ನು ಬಿಟ್ಟು ಹೂಸ್ಟನ್ನಿಗೆ ಹೋಗುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆಮೇಲೆ ಪಂಪುಗಳು ನಿಂತು, ಸುರಂಗಗಳಲ್ಲಿ ನೀರು ಏರಿತು. ನನಗೆ ಬೇಕಾಗಿದ್ದ ಗಡಿಯಾರ ಅಲ್ಲಿತ್ತು: ಕೆಳಗಿನಿಂದ ಹಂತ ಹಂತವಾಗಿ ಮುಳುಗುವ ಮಟ್ಟಗಳು, ಪ್ರತಿ ಮಟ್ಟಕ್ಕೆ ಒಂದು ಅಧ್ಯಾಯ.

ನಾನು ಇಟ್ಟುಕೊಂಡ ನಿಯಮ, ಒಂದು ಕಾದಂಬರಿಗೆ ಒಂದೇ ಸುಳ್ಳು. ಈ ಪುಸ್ತಕದ ಸುಳ್ಳು, ಪ್ರಯೋಗಗಳು ನಿಂತ ಮೇಲೂ ಮರೆತುಹೋದ ಒಂದು ಕವಲು ಸುರಂಗದಲ್ಲಿ ಶೋಧಕವೊಂದು ನ್ಯೂಟ್ರಿನೊಗಳನ್ನು ಎಣಿಸುತ್ತಲೇ ಇದೆ ಎಂಬುದು. ಉಳಿದದ್ದೆಲ್ಲ ಗಣಿಯವರ ತಿದ್ದುಪಡಿಯನ್ನು ದಾಟಿ ಬಂದದ್ದು. ಮಾರಿಕುಪ್ಪಂ, ಊರಿಗಾಂ, ಚಾಂಪಿಯನ್ ರೀಫ್‌ನ ಸಾಲುಮನೆಗಳಲ್ಲಿ ಹಳೆಯ ಕಾರ್ಮಿಕರನ್ನು ಹುಡುಕಿ, ಅಧ್ಯಾಯಗಳನ್ನು ಗಟ್ಟಿಯಾಗಿ ಓದಿದೆ. ಅವರ ತಮಿಳು, ನನ್ನ ಕನ್ನಡ, ನಡುವೆ ಇಬ್ಬರಿಗೂ ಬರುವ ತೆಲುಗು. ಒಂದೇ ಕೇಜ್‌ನಲ್ಲಿ, ಅಂದರೆ ಗಣಿಯ ಲಿಫ್ಟ್‌ನಲ್ಲಿ, ಇಳಿಸಿ ನಾಯಕನನ್ನು ನೇರವಾಗಿ ತಳಕ್ಕೆ ಮುಟ್ಟಿಸಲಾಗದು. ಒಂದು ಶಾಫ್ಟ್, ಅಂದರೆ ಕೇಜ್ ಇಳಿಯುವ ಬಾವಿ, ಬಿಟ್ಟು, ಅಡ್ಡ ಸುರಂಗದಲ್ಲಿ ನಡೆದು, ಇನ್ನೊಂದನ್ನು ಹಿಡಿಯಬೇಕು. ಆ ಬದಲಾವಣೆಯ ಜಾಗಗಳೇ ನನಗೆ ಎದುರಾಳಿ ಕಾದು ನಿಲ್ಲುವ ಜಾಗಗಳಾದವು. ಆಳದ ಬಂಡೆಯ ಶಾಖ 60 ಡಿಗ್ರಿಯನ್ನು ದಾಟುತ್ತದೆ. ಗಾಳಿಯ ವ್ಯವಸ್ಥೆ ನಿಂತ ಸುರಂಗದಲ್ಲಿ ಯಾರೂ ಓಡಲಾರರು ಎಂದು ಹಿರಿಯರೊಬ್ಬರು ಖಚಿತವಾಗಿ ಹೇಳಿದ ಮೇಲೆ, ಒಂಬತ್ತು ಪುಟಗಳ ಬೆನ್ನಟ್ಟುವಿಕೆಯನ್ನು ಕಿತ್ತುಹಾಕಿ, ಇಬ್ಬರು ಶತ್ರುಗಳು ಹತ್ತು ಹೆಜ್ಜೆಗೊಮ್ಮೆ ಕೂತು ಉಸಿರಾಡುತ್ತ ಒಬ್ಬನನ್ನೊಬ್ಬ ಹಿಂಬಾಲಿಸುವ ಅಧ್ಯಾಯವನ್ನು ಬರೆದೆ. ನಮ್ಮ ಭಾಷೆಯಲ್ಲಿ ಇಷ್ಟು ನಿಧಾನವಾಗಿ ನಡೆದೂ ಇಷ್ಟು ಉಸಿರು ಕಟ್ಟಿಸುವ ಬೆನ್ನಟ್ಟುವಿಕೆ ಇನ್ನೊಂದಿಲ್ಲವೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಏರ್ ಬ್ಲಾಸ್ಟ್‌ಗಳನ್ನು, ಅಂದರೆ ಒತ್ತಡದಲ್ಲಿದ್ದ ಬಂಡೆ ಹಠಾತ್ತನೆ ಸಿಡಿಯುವುದನ್ನು, ಪುಸ್ತಕದಲ್ಲಿ ಒಮ್ಮೆ ಮಾತ್ರ ಬಳಸಿದ್ದೇನೆ. ಅದನ್ನು ಕಂಡವರ ಮುಂದೆ ಓದಿದ ಮೇಲೆ ಎರಡನೆಯ ಸಲ ಬಳಸಲು ಮನಸ್ಸು ಬರಲಿಲ್ಲ.

ಕಥೆಯ ಕಾಲವನ್ನು ನಾನು ಒಂದು ಉದ್ದನೆಯ ಹಾಳೆಯಲ್ಲಿ ಹಾಕುತ್ತೇನೆ: ನೀರಿನ ಮಟ್ಟ, ತಲೆದೀಪದ ಬ್ಯಾಟರಿ, ಪ್ರತಿಯೊಬ್ಬನೂ ಇರುವ ಆಳ. ಆ ಹಾಳೆಯಲ್ಲಿ ಇನ್ನೊಂದು ಕಂಬಸಾಲೂ ಇದೆ. ಓದುಗನಿಗೆ ಗೊತ್ತಿರುವುದಕ್ಕೂ ನಾಯಕನಿಗೆ ಗೊತ್ತಿರುವುದಕ್ಕೂ ನಡುವಿನ ಅಂತರವನ್ನು ಅಳೆಯುವುದು ಅದೇ. ಅದನ್ನು ತುಂಬುವ ಬಗೆಯನ್ನೂ, ಆ ಒಂದೇ ಸುಳ್ಳನ್ನು ಯಾವ ಪುಟದಲ್ಲಿ ಇಡಬೇಕೆಂಬುದನ್ನೂ ಇಲ್ಲಿ ಹೇಳುವುದಿಲ್ಲ. ಅವು ಮುಂದಿನ ಪುಸ್ತಕಗಳಿಗೆ ನನ್ನ ಬಂಡವಾಳ.

ನಡುವೆ ಪಾವಗಡದ ಸೋಲಾರ್ ಪಾರ್ಕನ್ನಿಟ್ಟುಕೊಂಡು ಇನ್ನೊಂದು ಪ್ರಯತ್ನ ಮಾಡಿದ್ದೆ. ಸುಮಾರು 13,000 ಎಕರೆ, 2,050 ಮೆಗಾವಾಟ್, ಭೂಮಿಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದದ್ದು, ವಸ್ತುವಿಗೇನೂ ಕೊರತೆಯಿರಲಿಲ್ಲ. ಸೂರ್ಯಾಸ್ತವೇ ಗಡುವಾಗಬಹುದೆಂದುಕೊಂಡು ನೂರು ಪುಟ ಬರೆದು ನಿಲ್ಲಿಸಿದೆ. ಸೂರ್ಯ ಮರುದಿನ ಮತ್ತೆ ಹುಟ್ಟುತ್ತಾನೆ, ಕಳೆದುಕೊಂಡದ್ದೆಲ್ಲ ಬೆಳಿಗ್ಗೆ ವಾಪಸು ಬರುತ್ತದೆ, ಹಾಗಾಗಿ ಭಯ ನಿಲ್ಲುವುದಿಲ್ಲ. ಹಿಂದಿರುಗದ ಗಡುವು ಬೇಕೆಂಬ ಎರಡನೆಯ ನಿಯಮ ಹುಟ್ಟಿದ್ದು ಆ ನೂರು ಪುಟಗಳಿಂದ. ಅಧ್ಯಾಯಗಳನ್ನು ಮೊಬೈಲಿನಲ್ಲಿ ಓದಿ, ಧ್ವನಿ ಮುದ್ರಿಸಿ, ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದನ್ನೂ ಮಾಡಿ ನೋಡಿದೆ. ಯಾವ ನಿಮಿಷದಲ್ಲಿ ಕೇಳುಗರು ಕೈಬಿಡುತ್ತಾರೆಂದು ಕೇಳಿ ತಿಳಿದುಕೊಂಡು ಅಲ್ಲಲ್ಲಿ ಕತ್ತರಿಸಿದ್ದರಿಂದ ಮುನ್ನೂರು ಪುಟದ ಹಸ್ತಪ್ರತಿ ಇನ್ನೂರ ನಲವತ್ತಕ್ಕೆ ಇಳಿಯಿತು.

ಹಣದ ವಿಷಯಕ್ಕೆ ಬಂದರೆ, ಈ ಸಲ ಸಾವಿರ ಪ್ರತಿಗಳನ್ನು ಒಟ್ಟಿಗೆ ಮುದ್ರಿಸಲಿಲ್ಲ. ಮುಂಗಡ ಬೇಡಿಕೆ ನೂರ ಎಂಬತ್ತರಷ್ಟಾದ ಮೇಲೆ ಐನೂರಕ್ಕೆ ಆರ್ಡರ್ ಕೊಟ್ಟೆ. ಖರ್ಚು ಐವತ್ತೈದು ಸಾವಿರದೊಳಗೆ ನಿಂತಿತು. ಸರ್ಕಾರಿ ಗ್ರಂಥಾಲಯಗಳ ಸಗಟು ಖರೀದಿಯನ್ನು ಮೊದಲಿನಿಂದಲೇ ಲೆಕ್ಕದಿಂದ ಹೊರಗಿಟ್ಟೆ, ಬಂದರೆ ಲಾಭವೆಂದು. ಅರ್ಧಕ್ಕಿಂತ ಹೆಚ್ಚು ಪ್ರತಿಗಳು ಅಂಚೆಯಲ್ಲಿ ನೇರವಾಗಿ ಹೋದದ್ದರಿಂದ ಕಮಿಷನ್ ಉಳಿಯಿತು. ನಾಲ್ಕು ತಿಂಗಳಲ್ಲಿ ಐನೂರೂ ಮುಗಿದವು. ಆಡಿಯೊ ಹಕ್ಕಿಗೆ ಮೂವತ್ತೈದು ಸಾವಿರ ಬಂತು. ಎರಡನೆಯ ಮುದ್ರಣದ ಖರ್ಚೂ ಕಳೆದು ಇವತ್ತಿಗೆ ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ ಉಳಿದಿದೆ. ಮಂಗಳ ಗ್ರಹದಲ್ಲಿ ಹೋದದ್ದನ್ನು ಗಣಿ ತುಂಬಿಕೊಟ್ಟಿತು.

ಈಗ ಕೈಯಲ್ಲಿರುವುದು ಕೆರೆಗಳ ಕಾದಂಬರಿ. ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿದೆ. ಮೊದಲು ಲಕ್ಷ್ಮೀಸಾಗರ, ಅದು ಕೋಡಿ ಹರಿದ ಮೇಲೆ ಮುಂದಿನದು. ಯಾವ ಕೆರೆ ಯಾವಾಗ ತುಂಬುತ್ತದೆಂಬುದೇ ಗಡಿಯಾರ, ಒಮ್ಮೆ ಹರಿದ ನೀರು ಹಿಂದಿರುಗುವುದಿಲ್ಲ. ಕೆರೆಯಿಂದ ಕೆರೆಗೆ ನೀರಿನ ಹಾದಿಯನ್ನು ತೋರಿಸುವ ಮಡಿಚುವ ನಕ್ಷೆಯೊಂದನ್ನು ಪುಸ್ತಕದೊಳಗೆ ಅಂಟಿಸಲು ಪ್ರತಿಗೆ ಆರೇಳು ರೂಪಾಯಿ ಹೆಚ್ಚಾಗುತ್ತದೆ, ಯಾರೂ ಬಿಚ್ಚಿ ನೋಡುವುದಿಲ್ಲ ಎಂದು ಮುದ್ರಕರು ಬೇಡವೆನ್ನುತ್ತಿದ್ದಾರೆ. ನಾನು ಐನೂರು ಪ್ರತಿಗಳಿಗೂ ನಕ್ಷೆಯನ್ನು ಹಾಕಿಸುತ್ತಿದ್ದೇನೆ.