ಗಾಜಿಗೆ ಅಂಟಿದ್ದ ಮೀನು ಕೆರೆಯಲ್ಲೂ ಸಿಕ್ಕಿತು

ಕಸ್ತೂರಬಾ ರಸ್ತೆಯಲ್ಲಿ, ಕಬ್ಬನ್ ಪಾರ್ಕಿನ ಅಂಚಿಗೆ, ವಜ್ರದ ಆಕಾರದ ಒಂದು ಕಟ್ಟಡ ಇದೆಯಲ್ಲ, 1983ರಲ್ಲಿ ಶುರುವಾದ ಸರ್ಕಾರಿ ಅಕ್ವೇರಿಯಂ, ನಾನು ಮೀನಿನ ಚಿತ್ರ ಬರೆಯಲು ಕಲಿತಿದ್ದು ಅಲ್ಲೇ.

ಮೊದಮೊದಲು ಒಂದೂ ಸರಿ ಬರಲಿಲ್ಲ. ಪೆನ್ಸಿಲ್ ಹಾಳೆಗೆ ತಾಗುವಷ್ಟರಲ್ಲಿ ಮೀನು ತಿರುಗಿಬಿಟ್ಟಿರುತ್ತದೆ. ಕೊನೆಗೆ ಬರೆಯೋದು ಬಿಟ್ಟು ಸುಮ್ನೆ ನೋಡುತ್ತಾ ನಿಂತೆ. ತೊಟ್ಟಿಯ ಮೀನು ಸುತ್ತಿ ಸುತ್ತಿ ಅದೇ ದಾರಿಯಲ್ಲಿ ಬರುತ್ತದೆ, ಅದೇ ಮೂಲೆಯಲ್ಲಿ ಹೊರಳುತ್ತದೆ. ಹಾಗಾಗಿ ಒಂದೇ ಹಾಳೆಯಲ್ಲಿ ಐದಾರು ಚಿತ್ರ ಶುರು ಮಾಡಿಟ್ಟುಕೊಂಡು, ಮೀನು ಯಾವ ಭಂಗಿಗೆ ವಾಪಸ್ ಬಂತೋ ಆ ಚಿತ್ರಕ್ಕೆ ಎರಡು ಗೆರೆ ಸೇರಿಸುತ್ತಾ ಹೋದೆ. ಕಪ್ಪು ಅಂಗಿ ಹಾಕಿಕೊಂಡು ಹೋಗಿ, ಗಾಜಿನಲ್ಲಿ ನಿಮ್ಮ ಪ್ರತಿಬಿಂಬ ಅಷ್ಟಾಗಿ ಕಾಣಲ್ಲ. ಗಾಜಿಗೆ ನೇರವಾಗಿ ನಿಲ್ಲಿ. ಓರೆಯಿಂದ ನೋಡಿದರೆ ಮೀನು ಗಿಡ್ಡವಾಗಿ ಕಾಣುತ್ತದೆ.

ಅಲುಗಾಡದೆ ಕೂತು ನನಗೆ ಚಿತ್ರ ಕೊಟ್ಟಿದ್ದು ಮಾತ್ರ ನಮ್ಮ ಬೀದಿಯ ಅಕ್ವೇರಿಯಂ ಅಂಗಡಿಯ ಸಕ್ಕರ್ ಮೀನು. ಬೆರಳುದ್ದ ಇತ್ತು. ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ಕೆರೆಯುತ್ತಿತ್ತು. ಅದನ್ನೇ ಹತ್ತಾರು ಸಲ ಬರೆದೆ.

ಆಮೇಲೆ ಒಂದು ಬೆಳಿಗ್ಗೆ ಮನೆ ಹತ್ತಿರದ ಕೆರೆಗೆ ಹೋದೆ. ತೆಪ್ಪದಿಂದ ಬಲೆ ಇಳಿಸುತ್ತಿದ್ದರು. ಕಾಟ್ಲಾ, ರೋಹು, ಜಿಲೇಬಿ ಮೀನುಗಳು ಒಂದು ಕಡೆ. ಇನ್ನೊಂದು ಕಡೆ, ಏರಿ ಮೇಲೆ ಎಸೆದಿದ್ದ ಕಪ್ಪು ಮೀನುಗಳು. ಬಗ್ಗಿ ನೋಡಿದರೆ ಅದೇ ಸಕ್ಕರ್, ಆದರೆ ನನ್ನ ಮೊಣಕೈಯಷ್ಟು ಉದ್ದ.

"ಇದನ್ನ ಯಾಕೆ ಎಸೆದ್ರಿ ಅಣ್ಣ?"

"ಯಾರೂ ತಗೊಳಲ್ಲಮ್ಮ. ಬಲೆ ನೋಡಿ ಹೆಂಗೆ ಹರಿದಿದೆ."

ದಕ್ಷಿಣ ಅಮೆರಿಕದ ಮೀನು ಅದು. ತೊಟ್ಟಿಗೆ ಹಿಡಿಸದಷ್ಟು ಬೆಳೆದಾಗ ಜನ ಪಾಪ ಅಂತ ಕೆರೆಗೆ ಬಿಟ್ಟುಬಿಡುತ್ತಾರೆ. ಒಳಚರಂಡಿ ನೀರು ಸೇರಿದ ಕೆರೆಯಲ್ಲಿ ಆಮ್ಲಜನಕ ಕುಸಿದಾಗ ಬೇರೆ ಮೀನು ಸಾಯುತ್ತವೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸತ್ತು ತೇಲಿದ ರಾಶಿ ರಾಶಿ ಮೀನು ನೆನಪಿದೆಯಾ? ಸಕ್ಕರ್ ಹಾಗಲ್ಲ, ಮೇಲೆ ಬಂದು ಗಾಳಿ ನುಂಗಿ ಹೊಟ್ಟೆಯಿಂದಲೇ ಉಸಿರಾಡುತ್ತದೆ. ದಡದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ. ನಾವು ಕೆಡಿಸಿದ ನೀರು ಅದಕ್ಕೆ ಸರಿಹೊಂದಿಬಿಟ್ಟಿದೆ. ಏರಿ ಮೇಲೆ ಬಿದ್ದಿದ್ದ ಆ ಮೀನು ಎಷ್ಟೋ ಹೊತ್ತಾದ ಮೇಲೂ ಬಾಯಿ ಆಡಿಸುತ್ತಿತ್ತು. ಹೆಂಚು ಹೊದಿಸಿದ ಹಾಗೆ ಮೈ ತುಂಬಾ ಎಲುಬಿನ ಫಲಕ, ಅದರ ಸಂದಿಯಲ್ಲೆಲ್ಲ ಒಣಗುತ್ತಿದ್ದ ಕೆಸರು. ನನಗೆ ತುಂಬಾ ಸಂಕಟವಾಯಿತು. ಅಲ್ಲೇ ಕೂತು ಬರೆದೆ.

ಅಲ್ಲಿಂದ ನನ್ನ ಚಿತ್ರಗಳೆಲ್ಲ ಜೋಡಿ ಜೋಡಿ. ಒಂದು ತೊಟ್ಟಿಯದು, ಒಂದು ಕೆರೆಯದು. ಬಣ್ಣದಲ್ಲೇ ಕಷ್ಟ ಜಾಸ್ತಿ. ತೊಟ್ಟಿಯ ನೀಲಿ ನೀರಿನ ಬಣ್ಣವೇ ಅಲ್ಲ, ಹಿಂದೆ ಅಂಟಿಸಿದ ಹಾಳೆಯದು. ಕೆರೆಯ ಹಸಿರು ಕೊಳಚೆಯ ಸಾರ ತಿಂದು ಬೆಳೆದ ಪಾಚಿಯದು. ಟ್ಯೂಬಿನಿಂದ ಬಂದ ಹಸಿರನ್ನು ಹಾಗೇ ಹಚ್ಚಿದರೆ ಹುಲ್ಲುಹಾಸಿನ ಥರ ಕಾಣುತ್ತದೆ. ನಾನು ಸ್ಯಾಪ್ ಗ್ರೀನ್ ಅನ್ನೋ ಹಸಿರಿಗೆ ಬರ್ನ್ಟ್ ಅಂಬರ್ ಅನ್ನೋ ಕಂದು ಬೆರೆಸಿ, ತೆಳ್ಳಗೆ ಮೂರು ಪದರ ಹಚ್ಚುತ್ತೇನೆ, ಪ್ರತಿ ಪದರವೂ ಪೂರ್ತಿ ಒಣಗಬೇಕು. 300 ಜಿಎಸ್‌ಎಂನ ದಪ್ಪ ಹಾಳೆಯೇ ಬೇಕು, ಇಲ್ಲದಿದ್ದರೆ ಸುಕ್ಕಾಗುತ್ತದೆ. ನೊರೆ ಇರುವ ಕಡೆ ಬಣ್ಣ ಹಚ್ಚುವುದೇ ಇಲ್ಲ, ಹಾಳೆಯ ಬಿಳಿಯೇ ನೊರೆ.

ಈಗ ಬರೆಯುತ್ತಿರುವುದು ಕೊರವ ಮೀನು, ನಮ್ಮ ನೀರಿನದೇ. ಜೊಂಡಿನ ನಡುವೆ ಅದರ ಕಿತ್ತಳೆ ಬಣ್ಣದ ಮರಿಗಳು ಗುಂಪಾಗಿ ಮೇಲೆ ಬಂದಾಗ ನೀರು ಸಣ್ಣಗೆ ಕುದ್ದ ಹಾಗೆ ಕಾಣುತ್ತದೆ. ತಾಯಿಯನ್ನು ಮರಿಗಳ ಪಕ್ಕದಲ್ಲಿ ಬರೆದಿದ್ದೆ. ಬಲೆ ಅಣ್ಣನಿಗೆ ತೋರಿಸಿದೆ. "ಮರಿ ಮೇಲಿದ್ರೆ ತಾಯಿ ಕೆಳಗಿರ್ತಾಳಮ್ಮ, ಕಾಯ್ಕೊಂಡು" ಅಂದರು. ಮನೆಗೆ ಬಂದು ಒದ್ದೆ ಕುಂಚದಲ್ಲಿ ತಾಯಿಯನ್ನು ಎತ್ತಿ ತೆಗೆದೆ. ಈಗ ಹಾಳೆಯ ಕೆಳಭಾಗದ ಕತ್ತಲಲ್ಲಿ, ಬೆನ್ನು ಮಾತ್ರ ಕಾಣುವ ಹಾಗೆ ಬರೆಯುತ್ತಿದ್ದೇನೆ.